ದಿನಾ ಓಡೋ ಗಾಡಿಗೆ ಸೂಪರ್‌ಚಾರ್ಜರ್ ಯಾಕ್ರೀ?

ಬಹಳ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಈ ಸಲ ಕವಿತೆ ಇಲ್ಲ, ಪ್ರವಾಸ ಕಥನ ಇಲ್ಲ, ಬರೀ ಎಂಜಿನ್ ಪುರಾಣ. ಕಾರು ಅಂದ್ರೆ ಆಗದವರು ಅರ್ಧಕ್ಕೇ ಎದ್ದು ಹೋದರೂ ಬೇಜಾರಿಲ್ಲ :-)

ನನ್ನ ಅಭಿಪ್ರಾಯವನ್ನ ಮೊದಲೇ ಹೇಳಿಬಿಡ್ತೀನಿ. ಕಂಪನಿಯಿಂದ ಬಂದ ಎಂಜಿನ್ನನ್ನ ಹಾಗೇ ಇಟ್ಟುಕೊಂಡು, ಅದಕ್ಕೊಂದು ಸೂಪರ್‌ಚಾರ್ಜರ್ ಜೋಡಿಸಿ, ಅದೇ ಕಾರಲ್ಲಿ ದಿನಾ ಕೆಲಸಕ್ಕೆ ಹೋಗಿ ಬರೋದು ಗೋಗಿಯಂಥ ಊರಲ್ಲಿ ಬೇಡ. ಇನ್ನೊಂದು ಕಾರು ಮನೇಲಿದ್ರೆ ಮಾತು ಬೇರೆ. ಒಂದೇ ಕಾರಿದ್ರೆ ಬೇಡವೇ ಬೇಡ.

ಗೋಗಿ ಅಂದ್ರೆ ನಿಮ್ಮಲ್ಲಿ ಕೆಲವರಿಗೆ ಯುರೇನಿಯಂ ನೆನಪಾಗಬಹುದು. ಪೇಪರಲ್ಲಿ ನಮ್ಮೂರ ಹೆಸರು ಬಂದದ್ದೇ ಅದರಿಂದ. ಇತಿಹಾಸ ಓದಿದವರಿಗೆ ಬಿಜಾಪುರದ ಮೊದಲ ಸುಲ್ತಾನ ಯೂಸುಫ್ ಆದಿಲ್ ಶಾಹನ ಸಮಾಧಿ ಇರೋ ಊರು ಅಂತ ಗೊತ್ತಿರುತ್ತೆ. ಮಿಕ್ಕಂತೆ ಇದು ಶಹಾಪುರ ತಾಲ್ಲೂಕಿನ ಒಂದು ಊರು, ಅಷ್ಟೆ. ಕಾಲುವೆ ನೀರು ಬಂದ ಕಡೆ ಭತ್ತ, ಇಲ್ಲದ ಕಡೆ ಹತ್ತಿ ತೊಗರಿ. ನಮ್ಮ ಕಡೆ ಎರಡೇ ಕಾಲ ಅಂತ ಜೋಕಿದೆ: ಬಿಸಿಲುಗಾಲ, ಭಾಳ ಬಿಸಿಲುಗಾಲ. ಈ ಬಿಸಿಲನ್ನ ನೆನಪಿಟ್ಟುಕೊಳ್ಳಿ, ಮುಂದೆ ಲೆಕ್ಕಕ್ಕೆ ಬೇಕಾಗುತ್ತೆ.

ನಮ್ಮಕ್ಕನ ಮಗ ಇರೋದು ಅಲ್ಲೇ. ಕೆಲಸ ಯಾದಗಿರಿಯಲ್ಲಿ. ಶಹಾಪುರ ದಾಟಿ, ಭೀಮಾ ಸೇತುವೆ ದಾಟಿ, ಹೋಗಿ ಬರೋದು ನೂರರ ಹತ್ತಿರ ಕಿಲೋಮೀಟರು. ಗಾಡಿ 2016ರ ಪೆಟ್ರೋಲ್ ಸ್ವಿಫ್ಟ್, 1197 ಸಿಸಿ, 84 ಎಚ್‌ಪಿ. ಮೊನ್ನೆ ಫೋನ್ ಮಾಡಿದ್ದ.

"ಮಾಮಾ, ಮುಂದ ಹತ್ತಿ ಲಾರಿ ಇದ್ರ ದಾಟಾಕ ಜೀವ ಹೋಗ್ತದ. ಎಸಿ ಹಚ್ಚಿದ್ರಂತೂ ಗಾಡಿ ಏಳೂದೇ ಇಲ್ಲ. ಸೂಪರ್‌ಚಾರ್ಜರ್ ಹಾಕಿಸ್ಬೇಕಂತ ಮಾಡೀನಿ. ಏನಂತೀರಿ?"

ಬೆಂಗಳೂರಿನ ಒಂದು ಗ್ಯಾರೇಜಿನವರ ಹತ್ತಿರ ಮಾತಾಡಿದ್ದಾನೆ, ಎರಡು ಲಕ್ಷದ ಮೇಲೆ ಹೇಳಿದ್ದಾರಂತೆ. ಎಂಜಿನ್ ಬಿಚ್ಚೋದೇ ಬೇಡ, ಹೊರಗಿಂದ ಕೂರಿಸಿದ್ರೆ ಮುಗೀತು ಅಂದರಂತೆ. ಅವನು ದುಡ್ಡು ದಂಡ ಮಾಡೋ ಹುಡುಗ ಅಲ್ಲ. ಆ ರೋಡಲ್ಲಿ ಕತ್ತಲಾದ ಮೇಲೆ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳ ಹಿಂದೆ ಓಡಿಸಿದವರಿಗೆ ಅವನ ಕಷ್ಟ ಅರ್ಥ ಆಗುತ್ತೆ. ಓವರ್‌ಟೇಕ್ ಅರ್ಧಕ್ಕೆ ಬಂದಾಗ ಎದುರಿಗೆ ಒಂದು ಬಸ್ ಕಾಣಿಸಿದ್ರೆ, ಆಗ ಪೆಡಲ್ ಕೆಳಗೆ ಏನಿದೆ ಅನ್ನೋದು ಶೋಕಿಯ ಪ್ರಶ್ನೆ ಅಲ್ಲ. ಅದಕ್ಕೇ ಫೋನಲ್ಲಿ ಸುಮ್ಮನೆ "ಬ್ಯಾಡ ಬಿಡು" ಅನ್ನೋಕೆ ಮನಸ್ಸಾಗಲಿಲ್ಲ. ಕೂತು ಲೆಕ್ಕ ಹಾಕಿದೆ. ಆ ಲೆಕ್ಕವೇ ಈ ಬರಹ.

ಸೂಪರ್‌ಚಾರ್ಜರ್ ಅಂದ್ರೆ ಏನೂ ಮಂತ್ರ ಅಲ್ಲ, ಗಾಳಿ ತಳ್ಳೋ ಪಂಪು. ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತೆ. ಎಂಜಿನ್ ತಾನಾಗಿ ಎಳೆದುಕೊಳ್ಳೋದಕ್ಕಿಂತ ಹೆಚ್ಚು ಗಾಳಿಯನ್ನ ಒಳಗೆ ತುರುಕುತ್ತೆ. ಹೆಚ್ಚು ಗಾಳಿ ಅಂದ್ರೆ ಹೆಚ್ಚು ಪೆಟ್ರೋಲ್ ಸುಡಬಹುದು, ಹೆಚ್ಚು ಶಕ್ತಿ. ಟರ್ಬೊ ಹಾಗಲ್ಲ, ಅದು ಹೊಗೆಯ ರಭಸದಿಂದ ತಿರುಗೋದು, ಕೆಳಗಿನ ಸುತ್ತಲ್ಲಿ ಏಳೋಕೆ ಸ್ವಲ್ಪ ತಡ ಮಾಡುತ್ತೆ. ಸೂಪರ್‌ಚಾರ್ಜರಿಗೆ ಆ ತಡ ಇಲ್ಲ, ಕಾಲಿಟ್ಟ ಕೂಡಲೇ ಎಳೆಯುತ್ತೆ. ಐದು ಜನ ಕೂತು ಎಸಿ ಹಾಕಿದ ಸಣ್ಣ ಕಾರಿಗೆ ಇದೇ ಬೇಕು ಅನ್ನಿಸೋದು ಸಹಜ. ಅಳಿಯ ಆರಿಸಿದ್ದು ದಡ್ಡತನದಿಂದ ಅಲ್ಲ.

ಇದರ ಮೂಲ ಕಾರೂ ಅಲ್ಲ. ಅಮೆರಿಕದ ಇಂಡಿಯಾನಾದಲ್ಲಿ ರೂಟ್ಸ್ ಅನ್ನೋ ಅಣ್ಣತಮ್ಮಂದಿರು 1860ರಲ್ಲಿ ಪೇಟೆಂಟ್ ತಗೊಂಡ ಯಂತ್ರ ಇದು. ಕಬ್ಬಿಣ ಕರಗಿಸೋ ಕುಲುಮೆಗೆ ಗಾಳಿ ಊದೋ ಕೆಲಸ ಅದರದ್ದು. ಕಮ್ಮಾರನ ತಿದಿಯ ದೊಡ್ಡಣ್ಣ ಅನ್ನಿ. ಮುಂದೆ 1921ರಲ್ಲಿ ಮರ್ಸಿಡಿಸ್‌ನವರು ಬರ್ಲಿನ್ ಪ್ರದರ್ಶನದಲ್ಲಿ ಸೂಪರ್‌ಚಾರ್ಜರ್ ಇದ್ದ ಕಾರುಗಳನ್ನ ತೋರಿಸಿದರು.

ಈಗ ಲೆಕ್ಕಕ್ಕೆ ಬನ್ನಿ. 1.2 ಲೀಟರಿನ ನಾಲ್ಕು ಸ್ಟ್ರೋಕಿನ ಎಂಜಿನ್ ಒಂದು ಸುತ್ತಿಗೆ ಹೆಚ್ಚೆಂದರೆ 0.6 ಲೀಟರ್ ಗಾಳಿ ಎಳೆದುಕೊಳ್ಳುತ್ತೆ. ಇಂಥ ಸಣ್ಣ ಕಾರುಗಳಿಗೆ ಹುಡುಗರು ಹೆಚ್ಚಾಗಿ ಹಾಕೋದು ಜಪಾನಿನ ಐಸಿನ್ ಕಂಪನಿಯ ಎಎಂಆರ್-500. ಅದು ತನ್ನ ಒಂದು ಸುತ್ತಿಗೆ ಅರ್ಧ ಲೀಟರ್ ತಳ್ಳುತ್ತೆ. ಎಂಜಿನ್ ಒಂದು ಸುತ್ತು ತಿರುಗೋವಾಗ ಅದು 1.7 ಸುತ್ತು ತಿರುಗುವಂತೆ ಪುಲ್ಲಿ ಹಾಕಿದ್ರೆ 0.85 ಲೀಟರ್. ಅಂದ್ರೆ ಹೆಚ್ಚುಕಡಿಮೆ 1.4 ಪಟ್ಟು. ಗ್ಯಾರೇಜಿನ ಭಾಷೆಯಲ್ಲಿ ಆರು ಪಿಎಸ್‌ಐ ಬೂಸ್ಟ್. "ನಲವತ್ತು ಪರ್ಸೆಂಟ್ ಜಾಸ್ತಿ ಗಾಳಿ!" ಅಂತ ಅಳಿಯ ಕುಣಿದದ್ದು ಈ ಸಂಖ್ಯೆಗೇ.

ಆದರೆ ಗಾಳಿಯನ್ನ ಒತ್ತಿದ್ರೆ ಅದು ಬಿಸಿಯಾಗುತ್ತೆ. ಸೈಕಲ್ ಪಂಪಿನ ಬುಡ ಮುಟ್ಟಿ ನೋಡಿದವರಿಗೆಲ್ಲ ಗೊತ್ತು. ಮೇ ತಿಂಗಳ ಮಧ್ಯಾಹ್ನ ನಮ್ಮೂರಲ್ಲಿ 42 ಡಿಗ್ರಿ ಅಂತ ಇಟ್ಟುಕೊಳ್ಳಿ. ಈ ಜಾತಿಯ ಪಂಪುಗಳ ದಕ್ಷತೆ ಅರವತ್ತು ಪರ್ಸೆಂಟ್ ಅಂತ ಹಿಡಿದ್ರೆ, 1.4 ಪಟ್ಟು ಒತ್ತಿದ ಗಾಳಿ 53 ಡಿಗ್ರಿ ಏರಿ 95 ಡಿಗ್ರಿಗೆ ಬಂದು ನಿಲ್ಲುತ್ತೆ. ಚಹಾ ಕುದಿಯೋಕೆ ಇನ್ನೈದೇ ಬಾಕಿ! ಬಿಸಿ ಗಾಳಿ ಹಿಗ್ಗುತ್ತೆ, ಅದೇ ಜಾಗದಲ್ಲಿ ಕಡಿಮೆ ಹಿಡಿಯುತ್ತೆ. ನಲವತ್ತು ಅಂದುಕೊಂಡದ್ದು ಇಪ್ಪತ್ತಕ್ಕೆ ಇಳೀತು. ಪಂಪು ತಿರುಗಿಸೋಕೆ ಎಂಜಿನ್ನಿನಿಂದಲೇ ಆರೇಳು ಎಚ್‌ಪಿ ಹೋಯ್ತು. ಕೊನೆಗೆ ಕೈಗೆ ಸಿಗೋದು ಹತ್ತು ಎಚ್‌ಪಿ ಆಸುಪಾಸು. ಎರಡು ಲಕ್ಷಕ್ಕೆ ಹತ್ತು ಕುದುರೆ. ಸುರಪುರದ ನಾಯಕರ ಕಾಲದಲ್ಲೂ ಕುದುರೆ ಇಷ್ಟು ತುಟ್ಟಿ ಇರಲಿಲ್ಲವೇನೋ!

ಇಂಟರ್‌ಕೂಲರ್ ಹಾಕಬಹುದಲ್ಲ ಅಂತೀರಿ. ಹಾಕಬಹುದು, ಹಾಕಿದ್ರೆ ಬಿಸಿ ಬಹಳಷ್ಟು ಇಳಿಯುತ್ತೆ, ಶಕ್ತಿಯೂ ಏರುತ್ತೆ. ಆದರೆ ಅದನ್ನ ಕೂರಿಸೋ ಜಾಗ ಯಾವುದು? ಬಂಪರಿನ ಹಿಂದೆ, ಎಸಿ ಕಂಡೆನ್ಸರ್ ಮತ್ತು ರೇಡಿಯೇಟರಿನ ಮುಂದೆ. ಬೇಸಗೆಯಲ್ಲಿ ಅವೆರಡೂ ಆಗಲೇ ಏದುಸಿರು ಬಿಡ್ತಾ ಇರ್ತವೆ. ಅವಕ್ಕೆ ಬರೋ ಗಾಳಿಗೆ ಇದು ಅಡ್ಡ ನಿಂತು, ತನ್ನ ಬಿಸಿಯನ್ನೂ ಅವುಗಳ ಮೇಲೇ ಬಿಡುತ್ತೆ. ಎಸಿ ಹಾಕಿದ್ರೆ ಗಾಡಿ ಏಳಲ್ಲ ಅಂತ ಶುರುವಾದದ್ದು, ಎಸಿಯೇ ತಣ್ಣಗಾಗಲ್ಲ ಅನ್ನೋದಕ್ಕೆ ಬಂದು ನಿಲ್ಲಬಹುದು.

ಹತ್ತು ಎಚ್‌ಪಿಯಾದರೂ ಸಿಕ್ಕರೆ ಸಾಕು ಅನ್ನೋರಿಗೆ ಮುಂದಿನ ಮಾತು. ನಿಜವಾದ ಅಪಾಯ ಇರೋದು ನಾಕಿಂಗಿನಲ್ಲಿ. ಪೆಟ್ರೋಲ್-ಗಾಳಿ ಮಿಶ್ರಣ ಪ್ಲಗ್ಗಿನ ಕಿಡಿಯಿಂದ ಶುರುವಾಗಿ ಒಂದು ಕಡೆಯಿಂದ ಉರಿದುಕೊಂಡು ಹೋಗಬೇಕು. ಒತ್ತಡವೂ ಬಿಸಿಯೂ ಮಿತಿ ಮೀರಿದ್ರೆ, ಬೆಂಕಿ ತಲುಪೋ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನೇ ಸಿಡಿಯುತ್ತೆ. ಡಬ್ಬಿಯಲ್ಲಿ ಹರಳು ಹಾಕಿ ಅಲುಗಾಡಿಸಿದ ಸದ್ದು. ಪ್ರತಿ ಸಿಡಿತವೂ ಪಿಸ್ಟನ್ನಿಗೆ ಸುತ್ತಿಗೆ ಏಟು. ರಿಂಗ್ ಕೂರೋ ಅಂಚು ಸಣ್ಣದು, ಸಾಮಾನ್ಯವಾಗಿ ಮೊದಲು ಮುರಿಯೋದು ಅದೇ. ಬೂಸ್ಟ್‌ಗಾಗಿ ಮಾಡಿದ ಎಂಜಿನ್ನಿಗೆ ಅದಕ್ಕೆ ತಕ್ಕ ಗಟ್ಟಿ ಪಿಸ್ಟನ್ ಇರುತ್ತೆ. ನಮ್ಮ ಮಾಮೂಲಿ ಎಂಜಿನ್ನಿಗೆ ಅದ್ಯಾವುದೂ ಇಲ್ಲ.

ಇಲ್ಲಿ ಇ-20 ಪೆಟ್ರೋಲಿನ ಮಾತೂ ಬರುತ್ತೆ. ಎಥೆನಾಲ್ ನಾಕಿಂಗನ್ನ ತಡೆಯೋದರಲ್ಲಿ ಪೆಟ್ರೋಲಿಗಿಂತ ಒಳ್ಳೇದು, ಒಪ್ಪಬೇಕು. ಆದರೆ ಲೀಟರಿಗೆ ಸಿಗೋ ಶಕ್ತಿ ಪೆಟ್ರೋಲಿಗಿಂತ ಮೂರರಲ್ಲಿ ಒಂದು ಪಾಲು ಕಡಿಮೆ. ಹಾಗಾಗಿ ಅದೇ ಕೆಲಸಕ್ಕೆ ಇಂಜೆಕ್ಟರು ಹೆಚ್ಚು ಚಿಮ್ಮಿಸಬೇಕು. 2016ರ ಗಾಡಿಯ ರಬ್ಬರು ಪೈಪುಗಳು ಇ-20ಗೆ ಅಂತ ಮಾಡಿದವಲ್ಲ. ಅದರ ಮೇಲೆ ಬೂಸ್ಟಿಗೂ ಹೆಚ್ಚು ಪೆಟ್ರೋಲ್ ಬೇಕು ಅಂದ್ರೆ, ಇರೋ ಇಂಜೆಕ್ಟರು, ಇರೋ ಪಂಪು ಎಷ್ಟು ಅಂತ ಕೊಟ್ಟಾವು? ಪೆಟ್ರೋಲ್ ಸಾಲದೇ ಹೋದ ಕ್ಷಣ ಉರಿ ಇನ್ನೂ ಬಿಸಿಯಾಗುತ್ತೆ, ನಾಕಿಂಗ್ ಹತ್ತಿರವಾಗುತ್ತೆ. ಇಸಿಯು ನೋಡಿಕೊಳ್ಳುತ್ತೆ ಅಂತ ಕೆಲವರು ಅಂತಾರೆ. ಬೂಸ್ಟ್ ಇಲ್ಲದ ಕಾರಿನ ಒತ್ತಡ ಅಳೆಯೋ ಸೆನ್ಸರು ಹೊರಗಿನ ಗಾಳಿಯ ಒತ್ತಡದವರೆಗೆ ಓದೋಕೆ ಅಂತ ಇರೋದು. ಅದರಾಚೆ ಅದು ಕುರುಡು. ಸೆನ್ಸರು, ಇಂಜೆಕ್ಟರು, ಇಸಿಯು ಮೂರೂ ಬದಲಾಗಬೇಕು, ಕೂತು ಟ್ಯೂನ್ ಮಾಡಬೇಕು. "ಹೊರಗಿಂದ ಕೂರಿಸಿದ್ರೆ ಮುಗೀತು" ಅನ್ನೋ ಮಾತು ಇಲ್ಲಿಗೆ ಮುಗೀತು.

ನ್ಯಾಯವಾಗಿ ಹೇಳಬೇಕು, ಕಡಿಮೆ ಬೂಸ್ಟಲ್ಲಿ ಸರಿಯಾಗಿ ಟ್ಯೂನ್ ಮಾಡಿದ ಮಾಮೂಲಿ ಎಂಜಿನ್ನುಗಳು ವರ್ಷಗಟ್ಟಲೆ ಓಡ್ತವೆ. ಅಮೆರಿಕದಲ್ಲಿ ಟೊಯೊಟಾದವರೇ ಟಿಆರ್‌ಡಿ ಹೆಸರಲ್ಲಿ ಕೆಲವು ಗಾಡಿಗಳಿಗೆ ಸೂಪರ್‌ಚಾರ್ಜರ್ ಮಾರಿದ್ದಾರೆ, ಡೀಲರ್ ಹತ್ತಿರವೇ ಹಾಕಿಸಿದ್ರೆ ವಾರಂಟಿಯೂ ಇತ್ತು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಭಾಗಗಳನ್ನ ಹೊಗೆ ಪರೀಕ್ಷೆ ಮಾಡಿ ಒಪ್ಪಿಗೆ ನಂಬರ್ ಕೊಡೋ ಪದ್ಧತಿ ಇದೆ. ಅಲ್ಲಿರೋ ನಮ್ಮ ಕನ್ನಡದ ಹುಡುಗರು "ಇಲ್ಲಿ ಎಲ್ಲರೂ ಹಾಕ್ತಾರೆ ಕಣೋ" ಅಂದಾಗ ಇದನ್ನ ಮರೀಬಾರದು. ಅಲ್ಲಿ ಆ ಕಿಟ್ಟಿನ ಹಿಂದೆ ತಯಾರಕ ನಿಂತಿದ್ದಾನೆ. ಇಲ್ಲಿ ಅಳಿಯನ ಸ್ವಿಫ್ಟಿನ ಹಿಂದೆ ನಿಲ್ಲೋರು ಯಾರು? ಭೀಮಾ ಸೇತುವೆ ಮೇಲೆ ಗಾಡಿ ನಿಂತ್ರೆ ಬೆಂಗಳೂರಿನ ಆ ಗ್ಯಾರೇಜು ಐನೂರು ಕಿಲೋಮೀಟರ್ ದೂರ. ಶಹಾಪುರದ ಮೇಸ್ತ್ರಿ ಸ್ವಿಫ್ಟ್ ಎಂಜಿನ್ನನ್ನ ಕಣ್ಣುಮುಚ್ಚಿ ಬಿಚ್ಚಿ ಜೋಡಿಸ್ತಾನೆ, ಆದರೆ ಯಾರೋ ಲ್ಯಾಪ್‌ಟಾಪಲ್ಲಿ ಬರೆದಿಟ್ಟ ಟ್ಯೂನಿಂಗನ್ನ ಅವನು ಹೇಗೆ ಬಿಚ್ಚಬೇಕು?

ಧೂಳಿನ ಕಥೆ ಬೇರೆ ಇದೆ. ಎರೆ ಮಣ್ಣಿನ ಧೂಳು, ಭತ್ತದ ರಾಶಿ ಕಾಲದಲ್ಲಿ ಹೊಟ್ಟು, ಮೇಲೆ ಕಲ್ಲುಪುಡಿ. ಕಂಪನಿ ಕೊಟ್ಟ ಫಿಲ್ಟರ್ ಡಬ್ಬಿ ನೋಡೋಕೆ ಚೆಂದ ಇಲ್ಲ, ಆದರೆ ಈ ಧೂಳಿಗೆ ತಡೆದುಕೊಳ್ಳುತ್ತೆ. ಸೂಪರ್‌ಚಾರ್ಜರ್ ಕೂರಿಸುವಾಗ ಜಾಗ ಇಲ್ಲ ಅಂತ ಮೊದಲು ಕಿತ್ತು ಬಿಸಾಡೋದು ಇದನ್ನೇ. ಆ ಜಾಗಕ್ಕೆ ಬರೋದು ಬಿಸಿ ಎಂಜಿನ್ ಪಕ್ಕದಲ್ಲೇ ನೇತಾಡೋ ಒಂದು ಕೋನ್ ಫಿಲ್ಟರು. ಪಂಪಿನ ಒಳಗಿನ ರೋಟರುಗಳ ನಡುವಿನ ಸಂದು ಕೂದಲೆಳೆಯಷ್ಟು. ಅಲ್ಲಿಗೆ ಮರಳು ಹೋದ್ರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ.

ಇನ್ನು ಸೂಪರ್‌ಚಾರ್ಜರನ್ನ ಸಣ್ಣ ಕಾರಿಗೆ ಸರಿಯಾಗಿ ಹಾಕೋದು ಅಂದ್ರೆ ಏನು ಅನ್ನೋದಕ್ಕೆ ಉದಾಹರಣೆ ದೂರದಲ್ಲಿಲ್ಲ, ಚೆನ್ನೈಯಲ್ಲೇ ಇತ್ತು. ನಿಸ್ಸಾನ್ ಮೈಕ್ರಾ ನೆನಪಿದೆಯಾ? ಇಲ್ಲಿ ಮಾರಿದ ಪೆಟ್ರೋಲ್ ಮೈಕ್ರಾದಲ್ಲಿ 1.2 ಲೀಟರಿನ ಮೂರು ಸಿಲಿಂಡರ್, 76 ಎಚ್‌ಪಿ. ಅದೇ ಕಾರು ಚೆನ್ನೈನಿಂದ ಯುರೋಪಿಗೂ ಹೋಗ್ತಿತ್ತು. ಯುರೋಪಿಗೆ 2011ರಿಂದ ಡಿಐಜಿ-ಎಸ್ ಅನ್ನೋ ಸೂಪರ್‌ಚಾರ್ಜರ್ ಮಾದರಿಯೂ ಇತ್ತು, ಅದರದ್ದು 98 ಎಚ್‌ಪಿ. ಇಪ್ಪತ್ತೆರಡು ಹೆಚ್ಚು. ಆದರೆ ಅಷ್ಟಕ್ಕೆ ಅವರು ಏನೇನು ಮಾಡಿದರು ನೋಡಿ: ಪೆಟ್ರೋಲನ್ನ ನೇರ ಸಿಲಿಂಡರಿಗೇ ಚಿಮ್ಮಿಸೋ ಪದ್ಧತಿ ತಂದರು, ಮಿಲ್ಲರ್ ಸೈಕಲ್ ಅಂತ ವಾಲ್ವುಗಳ ವೇಳೆಯನ್ನೇ ಬದಲಾಯಿಸಿದರು. ಬೇಡದಾಗ ಸೂಪರ್‌ಚಾರ್ಜರ್ ಬಿಟ್ಟುಕೊಳ್ಳೋಕೆ ಮ್ಯಾಗ್ನೆಟ್ ಕ್ಲಚ್ ಇಟ್ಟರು. ಅಂದ್ರೆ ಇಪ್ಪತ್ತೆರಡು ಎಚ್‌ಪಿಗೆ ಹೆಚ್ಚುಕಡಿಮೆ ಹೊಸ ಎಂಜಿನ್ನನ್ನೇ ಮಾಡಿದರು. ಅದೂ ಎಲ್ಲಿಗೆ? ಬೇಸಗೆಯಲ್ಲೂ ನಮ್ಮ ಡಿಸೆಂಬರಿನಂತಿರೋ ಊರುಗಳಿಗೆ.

ಮಾರುತಿಯವರದ್ದೂ ಒಂದು ಇತ್ತು. 2017ರಲ್ಲಿ ಬಂದ ಬಲೆನೊ ಆರ್‌ಎಸ್. ಅದು ಟರ್ಬೊ, ಒಂದು ಲೀಟರ್, 102 ಎಚ್‌ಪಿ. ಮಾಮೂಲಿ ಬಲೆನೊಗಿಂತ ಹದಿನೆಂಟು ಹೆಚ್ಚು. ಅಷ್ಟಕ್ಕೇ ಅವರು ಹಿಂದಿನ ಚಕ್ರಗಳಿಗೂ ಡಿಸ್ಕ್ ಬ್ರೇಕ್ ಹಾಕಿದರು. ಎಂಜಿನ್ನಿಗೆ ಲಕ್ಷಗಟ್ಟಲೆ ಸುರಿಯೋ ಹುಡುಗರಲ್ಲಿ ಎಷ್ಟು ಜನ ಬ್ರೇಕಿಗೆ ಹತ್ತು ಸಾವಿರ ಹಾಕ್ತಾರೆ ಹೇಳಿ. ಆ ಕಾರು 2020ರಲ್ಲಿ ನಿಂತೇ ಹೋಯ್ತು, ಕೊಳ್ಳೋರು ಸಾಲಲಿಲ್ಲ. ನನಗೆ ಈಗಲೂ ಬೇಸರ ಇದೆ.

ತಾನು ಮಾಡಿದ ಎಂಜಿನ್ನಿಗೆ ಸೂಪರ್‌ಚಾರ್ಜರ್ ಬೇಡವೇ ಬೇಡ ಅಂದವರಲ್ಲಿ ದೊಡ್ಡ ಹೆಸರು ಡಬ್ಲ್ಯೂ. ಓ. ಬೆಂಟ್ಲಿ. ಅವರ ಮಾತು ಮೀರಿ 1929ರಲ್ಲಿ "ಬ್ಲೋವರ್" ಬೆಂಟ್ಲಿ ತಯಾರಾಯ್ತು. ವೇಗ ಇತ್ತು, ಹೆಸರೂ ಬಂತು. ಆದರೆ 1930ರ ಲೆ ಮ್ಯಾನ್ಸ್‌ನ ಇಪ್ಪತ್ನಾಲ್ಕು ಗಂಟೆಯ ಓಟದಲ್ಲಿ ಬ್ಲೋವರ್‌ಗಳು ಅರ್ಧಕ್ಕೇ ನಿಂತವು. ಗೆದ್ದದ್ದು ಸೂಪರ್‌ಚಾರ್ಜರ್ ಇಲ್ಲದ ಬೆಂಟ್ಲಿ ಸ್ಪೀಡ್ ಸಿಕ್ಸ್. ನಮ್ಮ ಅಳಿಯನದ್ದೂ ಲೆ ಮ್ಯಾನ್ಸ್ ಥರದ್ದೇ ಓಟ. ಇವತ್ತು ಜೋರಾಗಿ ಓಡಿದ್ರೆ ಸಾಲದು, ನಾಳೆ ಬೆಳಿಗ್ಗೆಯೂ ಸ್ಟಾರ್ಟ್ ಆಗಬೇಕು.

ಕಾನೂನನ್ನ ಬೇಗ ಹೇಳಿ ಮುಗಿಸ್ತೀನಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸಬಾರದು ಅನ್ನುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಇನ್ನೂ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಪ್ರತಿ ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ಸಿಎನ್‌ಜಿ ಕಿಟ್ಟಿಗೆ ಒಪ್ಪಿಗೆ ಪಡೆಯೋ ದಾರಿ ಇದೆ, ಆರ್‌ಸಿಯಲ್ಲಿ ಬರೆಸಬಹುದು. ಅಮೆರಿಕದ ಥರ ಒಪ್ಪಿಗೆ ನಂಬರ್ ಇರೋ ಬೂಸ್ಟ್ ಕಿಟ್ ಇಲ್ಲಿ ಅಂಗಡಿಯಲ್ಲಿ ಸಿಗಲ್ಲ. ರೋಡಲ್ಲಿ ಯಾರೂ ಬಾನೆಟ್ ತೆಗೆಸಿ ನೋಡಲ್ಲ, ಹೊಗೆ ತಪಾಸಣೆಯಲ್ಲೂ ಐಡಲಿಂಗಲ್ಲೇ ನೋಡೋದ್ರಿಂದ ಪಾಸಾಗಿಬಿಡಬಹುದು, ನಿಜ. ಆದರೆ ಆಕ್ಸಿಡೆಂಟಾದ ದಿನ ಇನ್ಶೂರೆನ್ಸಿನವರು ಬಾನೆಟ್ ತೆಗೀತಾರೆ. ಕ್ಲೇಮು ತಳ್ಳಿಹಾಕೋಕೆ ಒಂದು ಕಾರಣವನ್ನ ನಾವೇ ನಟ್ಟು ಬೋಲ್ಟು ಹಾಕಿ ಕೂರಿಸಿಟ್ಟಿರ್ತೀವಿ.

ಹಾಗಾದರೆ ಹತ್ತಿ ಲಾರಿ ದಾಟೋದು ಹೇಗೆ? ಇದಕ್ಕೆ ನನ್ನ ಉತ್ತರ ಬಹಳ ಸಪ್ಪೆ: ಗೇರು. ಮೈಲೇಜು ಹೋಗುತ್ತೆ ಅಂತ ನಮ್ಮ ಕಡೆ ಎಲ್ಲರಿಗೂ ಐದನೇ ಗೇರಿನ ಮೇಲೆ ಭಾಳ ಪ್ರೀತಿ. ಅರವತ್ತರ ವೇಗದಲ್ಲಿ ಐದನೇ ಗೇರಲ್ಲಿ ಈ ಕಾರಿನ ಎಂಜಿನ್ 1800 ಸುತ್ತಿನ ಆಸುಪಾಸಿರುತ್ತೆ. ಮೂರಕ್ಕೆ ಇಳಿಸಿದ್ರೆ 3000ದ ಹತ್ತಿರ. ಆ ಒಂದು ಕೈ ಕೆಲಸಕ್ಕೆ ಚಕ್ರಕ್ಕೆ ಸಿಗೋ ಶಕ್ತಿ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತೆ. ಸೂಪರ್‌ಚಾರ್ಜರ್ ಐದನೇ ಗೇರಲ್ಲಿ ಕೊಡೋದು ಹೆಚ್ಚಂದ್ರೆ ಇಪ್ಪತ್ತು ಪರ್ಸೆಂಟು. ಗೇರು ಇಳಿಸೋಕೆ ದುಡ್ಡಿಲ್ಲ, ಬೆಲ್ಟಿಲ್ಲ, ಆರ್‌ಟಿಓ ಇಲ್ಲ. ಲಾರಿ ಬಾಲಕ್ಕೆ ಅಂಟಿಕೊಂಡು ಹೋಗದೆ, ಸ್ವಲ್ಪ ಹಿಂದೆ ಉಳಿದು, ಮೂರಕ್ಕೆ ಇಳಿಸಿ, ಎದುರು ಖಾಲಿ ಕಂಡ ಮೇಲೆ ಹೊರಗೆ ಬಂದ್ರೆ 84 ಕುದುರೆ ಸಾಕು. ಕಾಣದೆ ಇದ್ರೆ ನೂರಾ ನಲವತ್ತೂ ಸಾಲದು. ಎಸಿಯನ್ನ ಹತ್ತು ಸೆಕೆಂಡ್ ಆಫ್ ಮಾಡಿದ್ರೆ ಇನ್ನೂ ಸಲೀಸು. ಇದನ್ನ ಹೇಳಿದಾಗ ಅಳಿಯ ನಕ್ಕ, "ಮಾಮಾ, ಡ್ರೈವಿಂಗ್ ಸ್ಕೂಲ್ ತಗೀರಿ" ಅಂದ.

ಇನ್ನೊಂದು ದಾರಿಯೂ ಇದೆ. ಸ್ವಿಫ್ಟ್ ಮಾರಿ, ಆ ಎರಡು ಲಕ್ಷ ಸೇರಿಸಿ, ಕಂಪನಿಯಿಂದಲೇ ಟರ್ಬೊ ಬಂದ ಒಂದು ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋದು. ನೆಕ್ಸಾನ್ ಪೆಟ್ರೋಲು, ವೆನ್ಯೂ ಒಂದು ಲೀಟರ್ ಟರ್ಬೊ, ಹುಡುಕಿದ್ರೆ ಬಲೆನೊ ಆರ್‌ಎಸ್ ಕೂಡ. ಪಿಸ್ಟನ್ನಿನಿಂದ ಹಿಡಿದು ರೇಡಿಯೇಟರಿನವರೆಗೆ ಬೂಸ್ಟಿಗೇ ಅಂತ ಲೆಕ್ಕ ಹಾಕಿ ಮಾಡಿರ್ತಾರೆ. ಸ್ವಿಫ್ಟನ್ನೇ ಇಟ್ಟುಕೊಳ್ಳೋದಾದ್ರೆ ನಾನು ಕೊಟ್ಟ ಪಟ್ಟಿ ಚಿಕ್ಕದು: ಒಳ್ಳೇ ನಾಲ್ಕು ಟೈರು, ಹೊಸ ಬ್ರೇಕ್ ಪ್ಯಾಡು, ಪ್ಲಗ್ಗು, ಏರ್ ಫಿಲ್ಟರು, ಹೆಡ್‌ಲೈಟಿನ ಗಾಜು ಉಜ್ಜಿಸೋದು. ಹೆಡ್‌ಲೈಟ್ ಮೊದಲು. ರಾತ್ರಿ ಆ ರೋಡಲ್ಲಿ ಟ್ರೇಲರನ್ನ ಇಪ್ಪತ್ತು ಮೀಟರ್ ಮೊದಲೇ ಕಾಣೋದು ಇಪ್ಪತ್ತು ಎಚ್‌ಪಿಗಿಂತ ಮೇಲು.

ಅವನಿಗೆ ಹೇಳದೆ ಉಳಿಸಿಕೊಂಡ ಒಂದು ಮಾತಿದೆ, ನಿಮಗೆ ಹೇಳ್ತೀನಿ. ಅವರ ಓಣಿಯಲ್ಲಿ ರಾತ್ರಿ ಯಾರಿಗಾದರೂ ಎದೆನೋವು ಬಂದ್ರೆ, ಹೆರಿಗೆ ನೋವು ಶುರುವಾದ್ರೆ, ಆಂಬುಲೆನ್ಸ್ ಬರೋಕೆ ತಡವಾದಾಗ ಬಾಗಿಲು ಬಡಿಯೋದು ಅವನ ಮನೆಯದ್ದೇ. ಶಹಾಪುರಕ್ಕಾದ್ರೆ ಸರಿ, ಕಲಬುರಗಿಗೆ ಒಯ್ಯಿರಿ ಅಂದ್ರೆ ಎರಡು ತಾಸಿನ ದಾರಿ. ನಮ್ಮಕ್ಕನನ್ನೂ ಒಂದು ಸಲ ಹಾಗೇ ಒಯ್ದದ್ದು, ಅದೇ ಸ್ವಿಫ್ಟಲ್ಲಿ. ಅವತ್ತು ಅದು ಎಷ್ಟು ಸ್ಪೀಡ್ ಹೋಯ್ತು ಅಂತ ನಾವ್ಯಾರೂ ಕೇಳಲಿಲ್ಲ. ಹೀಗೆ ಎಬ್ಬಿಸಿದಾಗಲೆಲ್ಲ ಎದ್ದು ಬರೋ ಗಾಡಿಯ ಎಂಜಿನ್ನಲ್ಲಿ ಕಂಪನಿಯವರು ಬಿಟ್ಟ ಒಂದಿಷ್ಟು ಸಡಿಲು ಇರುತ್ತೆ. ಕೆಟ್ಟ ಪೆಟ್ರೋಲು, ಕೆಟ್ಟ ಬಿಸಿಲು, ತಡವಾಗಿ ಬದಲಾಯಿಸಿದ ಆಯಿಲ್ಲು, ಇವನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳೋದು ಆ ಸಡಿಲು. ಸೂಪರ್‌ಚಾರ್ಜರ್ ಮೊದಲು ತಿನ್ನೋದು ಅದನ್ನೇ.

ಕಾರು ಮಾಡಿಫೈ ಮಾಡಿಸೋದೇ ತಪ್ಪು ಅಂತ ನಾನೇನೂ ಹೇಳ್ತಿಲ್ಲ. ಟ್ರ್ಯಾಕಿಗೆ, ರ್‍ಯಾಲಿಗೆ ಅಂತಲೇ ಒಂದು ಗಾಡಿ ಕಟ್ಟಿ, ಎಂಜಿನ್ ಬಿಚ್ಚಿ, ಪಿಸ್ಟನ್ ಬದಲಾಯಿಸಿ ಮಾಡೋರಿದ್ದಾರೆ, ಅವರ ಕೆಲಸ ಕಂಡ್ರೆ ನನಗೆ ಹೊಟ್ಟೆಕಿಚ್ಚು. ಅವರ ಗಾಡಿ ಟ್ರೇಲರ್ ಮೇಲೆ ಮನೆಗೆ ಬಂದ್ರೂ ನಡೆಯುತ್ತೆ.

ಅಳಿಯ ಇನ್ನೂ ಪೂರ್ತಿ ಒಪ್ಪಿಲ್ಲ. "ನೀವು ಬರೇ ಲೆಕ್ಕ ಹೇಳ್ತೀರಿ, ಹಾಕಿಸಿದವರನ್ನ ಕೇಳೂನು" ಅಂತಾನೆ. ಅದೂ ಸರಿಯೇ. ಹಾಗಾಗಿ ನಿಮ್ಮನ್ನ ಕೇಳ್ತಿದೀನಿ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ ಬಿಸಿಲಲ್ಲಿ, ಎಂಜಿನ್ ಬಿಚ್ಚದೆ ಸೂಪರ್‌ಚಾರ್ಜರ್ ಹಾಕಿಸಿ, ದಿನಾ ಓಡಿಸಿ, ಐವತ್ತು ಸಾವಿರ ಕಿಲೋಮೀಟರ್ ದಾಟಿಸಿದವರು ಯಾರಾದ್ರೂ ಇದ್ರೆ ಕಾಮೆಂಟಲ್ಲಿ ಬರೀರಿ. ಎಷ್ಟು ಬೂಸ್ಟ್, ಇಂಟರ್‌ಕೂಲರ್ ಇತ್ತಾ, ಇಸಿಯು ಯಾವುದು, ಈಗ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಎಷ್ಟು ಬರುತ್ತೆ, ಇಷ್ಟಿದ್ರೆ ಸಾಕು. ಅವನಿಗೆ ಹಾಗೇ ಓದಿ ಹೇಳ್ತೀನಿ.